ಪೌಡರಿನ ಧರ್ಮ

ಮುಖಕ್ಕೆ ಹಚ್ಚುವ ಪೌಡರಿನಲ್ಲಿ ಧರ್ಮಾಧರ್ಮ ವಿಚಾರಕ್ಕೆ ಎಡೆಯೆಲ್ಲಿ ಎಂದು ವಾಚಕರು ಹುಬ್ಬೇರಿಸಬಹುದು. ಸತ್ಯ, ಅಹಿಂಸೆ, ಸ್ವಾತಂತ್ರ್ಯಗಳಂಥ ದೊಡ್ಡ ಮಾತುಗಳಿರುವಾಗ ಅಂಗೈಯಗಲದ ಡಬ್ಬಿಯೊಂದನ್ನು ಮುಂದಿಟ್ಟುಕೊಂಡು ಕುಳಿತವನಿಗೆ ಬೇರೆ ಕೆಲಸವಿಲ್ಲವೆಂದು ತೋರಿದರೆ ಆಶ್ಚರ್ಯವೇನಿಲ್ಲ. ಆದರೆ ದೊಡ್ಡ ಮಾತುಗಳ ವಿಷಯದಲ್ಲಿ ನಮ್ಮ ನಮ್ಮಲ್ಲಿ ಜಗಳವಿಲ್ಲ. ಸತ್ಯ ಒಳ್ಳೆಯದೆಂದು ಎಲ್ಲರೂ ಒಪ್ಪಿದ್ದೇವೆ. ಒಪ್ಪಿದ್ದನ್ನು ನಡೆಸಬೇಕಾದ ಹೊತ್ತು ಬರುವುದು ಮಾತ್ರ ಸಭೆಗಳಲ್ಲಲ್ಲ. ಅಂಗಡಿಯ ಗಾಜಿನ ಕಪಾಟಿನ ಮುಂದೆ, ಮದುವೆಮನೆಯ ಒಳಕೋಣೆಯ ಕನ್ನಡಿಯ ಮುಂದೆ. ಅಲ್ಲಿ ನಾವು ಮಾಡುವುದನ್ನು ನೋಡಿದರೆ ನಮ್ಮ ಸತ್ಯದ ತೂಕ ತಿಳಿಯುತ್ತದೆ.

ಮೊದಲು ವಸ್ತುವಿನ ಪರಿಚಯವಾಗಲಿ. ನಾನು ಹೇಳಹೊರಟಿರುವುದು ಸ್ನಾನವಾದ ಮೇಲೆ ಕುತ್ತಿಗೆಗೆ ಸುರಿದುಕೊಳ್ಳುತ್ತಿದ್ದ ತಗಡಿನ ಡಬ್ಬಿಯ ಪೌಡರನ್ನಲ್ಲ. ಅಲಂಕಾರ ಮಾಡುವವರು ಸೆಟ್ಟಿಂಗ್ ಪೌಡರ್ ಎಂದು ಕರೆಯುವ ಬಹು ನಯವಾದ ಪುಡಿಯೊಂದುಂಟು. ಮುಖಕ್ಕೆ ಮೊದಲು ಫೌಂಡೇಶನ್ ಎಂಬ ಲೇಪವನ್ನು ಹಚ್ಚುತ್ತಾರೆ. ಚರ್ಮ ತನ್ನ ಪಾಲಿನ ಎಣ್ಣೆಯನ್ನೂ ಬೆವರನ್ನೂ ಅದಕ್ಕೆ ಸೇರಿಸುತ್ತದೆ. ಮುಂದೇನಾಗುತ್ತದೆಂಬುದನ್ನು ಕಡಲ ಗಾಳಿಯ ತೇವದಲ್ಲಿ ಬದುಕುವ ನಮ್ಮ ಉಡುಪಿಯ ಕಡೆಯವರಿಗೆ ವಿವರಿಸಬೇಕಿಲ್ಲ. ಹತ್ತು ಗಂಟೆಯ ಮುಹೂರ್ತದಲ್ಲಿದ್ದ ಮುಖ ಊಟದ ಪಂಕ್ತಿಗೆ ಬರುವಾಗ ಬೇರೆಯೇ ಆಗಿರುತ್ತದೆ. ಹೆಚ್ಚಿನ ಎಣ್ಣೆಯನ್ನು ಹೀರಿ, ಮಿರುಗನ್ನು ತಗ್ಗಿಸಿ, ಹಚ್ಚಿದ್ದನ್ನು ಹಚ್ಚಿದಲ್ಲಿಯೇ ನಿಲ್ಲಿಸುವುದು ಈ ಪುಡಿಯ ಕೆಲಸ. ಬಹುಕಾಲದಿಂದ ಇದನ್ನು ಮಾಡುತ್ತ ಬಂದಿರುವುದು ಟಾಲ್ಕ್ ಎಂಬ ಖನಿಜದಿಂದ. ನಮ್ಮ ಬಳಪದ ಕಲ್ಲಿನಲ್ಲಿರುವುದೂ ಅದೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2024ರಲ್ಲಿ ಟಾಲ್ಕನ್ನು ಬಹುಶಃ ಕ್ಯಾನ್ಸರಿಗೆ ಕಾರಣವಾಗಬಲ್ಲ ವಸ್ತುಗಳ ಸಾಲಿಗೆ ಸೇರಿಸಿದ ಮೇಲೆ ಅದಿಲ್ಲದ ಪುಡಿಯನ್ನೇ ಕೇಳಿ ಕೊಳ್ಳುವವರೂ ಇದ್ದಾರೆ. ಸಿಲಿಕಾ, ಅಭ್ರಕ, ಜೋಳದ ಪಿಷ್ಟ ಮೊದಲಾದವುಗಳಿಂದ ಮಾಡಿದ ಪುಡಿಗಳೂ ಸಿಗುತ್ತವೆ.

ಇನ್ನು ಬಣ್ಣದ ಮಾತು. ಡಬ್ಬಿಯಲ್ಲಿ ಬೆಳ್ಳಗಿದ್ದು ಮುಖದ ಮೇಲೆ ಕಾಣದಂತಾಗುವ ಪುಡಿ ಒಂದು ಬಗೆ. ಚರ್ಮಕ್ಕೆ ಹೊಂದುವಂತೆ ಹಳದಿ, ಕೆಂಪು, ಕಂದುಗಳನ್ನು ಬೆರೆಸಿದ್ದು ಇನ್ನೊಂದು ಬಗೆ. ಮೊದಲನೆಯದು ಎಲ್ಲರ ಮುಖಕ್ಕೂ ಸಲ್ಲುತ್ತದೆಂದು ಅಂಗಡಿಯವರು ಹೇಳುವುದುಂಟು. ಆ ಮಾತು ಅರ್ಧ ನಿಜ. ಬಿಳಿಯ ಕಣ ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ಚದುರಿಸುತ್ತದೆ. ಬೆಳ್ಳಗಿನ ಚರ್ಮದ ಮೇಲೆ ಹಾಗೆ ಚದುರಿದ ಬೆಳಕು ಯಾರ ಗಮನಕ್ಕೂ ಬರುವುದಿಲ್ಲ. ಕಂದು ಚರ್ಮದ ಮೇಲೆ ಅದೇ ಪುಡಿ ಒಂದಿಷ್ಟು ಹೆಚ್ಚಾದರೂ ಬೂದಿ ಬಳಿದಂತೆ ತೋರುತ್ತದೆ. ಸಿಲಿಕಾ ಹೆಚ್ಚಾಗಿರುವ ಪುಡಿಯ ಕಥೆ ಇನ್ನೂ ವಿಚಿತ್ರ. ಕಣ್ಣಿಗೆ ಅದು ಕಾಣುವುದೇ ಇಲ್ಲ. ಕ್ಯಾಮೆರಾದ ಫ್ಲ್ಯಾಶ್ ಬೆಳಗಿದೊಡನೆ ಬೆಳಕನ್ನು ಹಿಂದಕ್ಕೆ ಎಸೆದು ಚಿತ್ರದಲ್ಲಿ ಬಿಳಿಯ ಮಚ್ಚೆಯಾಗಿ ಮೂಡುತ್ತದೆ.

ಆದಕಾರಣ ಕೆಲಸ ಬಲ್ಲವರು ಪುಡಿಯನ್ನು ಆರಿಸುವುದಕ್ಕೆ ಒಂದು ಕ್ರಮವನ್ನಿಟ್ಟುಕೊಂಡಿದ್ದಾರೆ. ಅವರು ಅದನ್ನು ಕೈಗೆ ಹಚ್ಚಿ ನೋಡುವುದಿಲ್ಲ. ಕೈ ಬಿಸಿಲು ಕಂಡದ್ದು. ಮುಖ ಕುತ್ತಿಗೆಯನ್ನು ಸೇರುವ ದವಡೆಯ ಅಂಚಿಗೆ ತುಸು ಹಚ್ಚಿ, ಅಂಗಡಿಯ ದೀಪವನ್ನು ಬಿಟ್ಟು ಹೊರಗೆ ಹಗಲ ಬೆಳಕಿಗೆ ಬಂದು ನೋಡುತ್ತಾರೆ. ಹಚ್ಚಿದ್ದೆಲ್ಲಿ ಎಂದು ಹುಡುಕಬೇಕಾಗಿ ಬಂದರೆ ಅದು ಸರಿಯಾದ ಪುಡಿ. ಬೆಳ್ಳಗಿನವರಿಗೆ ಬಣ್ಣವಿಲ್ಲದ್ದು ಸಾಕು. ಗೋಧಿ ಬಣ್ಣದವರಿಗೆ ಬಾಳೆಹಣ್ಣಿನ ಹೆಸರಿನಲ್ಲಿ ಮಾರುವ ಹಳದಿ ಛಾಯೆಯದು ಹೊಂದುತ್ತದೆ. ಎಣ್ಣೆಗಪ್ಪಿನವರಿಗೆ ಜೇನಿನ ಅಥವಾ ಕಂದಿನ ಛಾಯೆ, ಅದಕ್ಕಿಂತ ಕಪ್ಪಗಿನವರಿಗೆ ಕೆಂಪು ಬೆರೆತ ಗಾಢವಾದ ಕಂದು. ಹಚ್ಚುವಾಗಲೂ ಹದವಿದೆ. ಲೇಪ ಸ್ವಲ್ಪ ಕೂತ ಮೇಲೆ ಹಚ್ಚಬೇಕು. ಮೆತ್ತೆಗೆ ಹಿಡಿದ ಹೆಚ್ಚಿನ ಪುಡಿಯನ್ನು ಕೊಡವಬೇಕು. ಉಜ್ಜದೆ ಮೆಲ್ಲಗೆ ಒತ್ತಬೇಕು. ಹಣೆ, ಮೂಗಿನ ಇಕ್ಕೆಲ, ಗಲ್ಲ ಇಷ್ಟಕ್ಕೆ ಹಚ್ಚಿದರೆ ಸಾಮಾನ್ಯವಾಗಿ ಸಾಕು. ಇಡೀ ಮುಖಕ್ಕೆ ದಪ್ಪಗೆ ಮೆತ್ತಿದರೆ ಬೆವರಿನೊಡನೆ ಅದು ಗೆರೆಗೆರೆಯಾಗುತ್ತದೆ.

ನಮ್ಮ ಭಾಷೆಯಲ್ಲಿ ಧರ್ಮ ಎಂಬ ಮಾತಿಗೆ ಎರಡು ಅರ್ಥ ಸಲ್ಲುತ್ತದೆ. ಸುಡುವುದು ಬೆಂಕಿಯ ಧರ್ಮ ಎನ್ನುವಾಗ ಅದು ವಸ್ತುವಿನ ಸ್ವಭಾವ. ಅತಿಥಿಯನ್ನು ಆದರಿಸುವುದು ಗೃಹಸ್ಥನ ಧರ್ಮ ಎನ್ನುವಾಗ ಅದು ಮನುಷ್ಯನ ಕರ್ತವ್ಯ. ಪೌಡರಿನ ಸ್ವಭಾವ ಇಲ್ಲಿಗೆ ತಿಳಿಯಿತು. ಇದ್ದ ಬಣ್ಣವನ್ನು ನಿಲ್ಲಿಸುವುದು ಅದರ ಧರ್ಮ. ಇಲ್ಲದ ಬಣ್ಣವನ್ನು ಕೊಡುವುದಲ್ಲ. ಹಚ್ಚುವ ಕೈಯ ಧರ್ಮ ಏನೆಂಬುದು ಉಳಿದ ಪ್ರಶ್ನೆ.

ಬಣ್ಣ ಬಳಿಯುವುದೇ ಸುಳ್ಳು ಎನ್ನುವ ವಿರಕ್ತರು ಸುಲಭವಾದ ಉತ್ತರವೊಂದನ್ನು ಕೊಟ್ಟಾರು. ಅದನ್ನು ನಾನು ಒಪ್ಪಲಾರೆ. ಯಕ್ಷಗಾನದ ಚೌಕಿಯನ್ನು ಕಂಡವರಾರೂ ಅದನ್ನು ಒಪ್ಪಲಾರರು. ಅಲ್ಲಿ ಕಲಾವಿದ ಕನ್ನಡಿಯನ್ನು ಮುಂದಿಟ್ಟುಕೊಂಡು ತನ್ನ ಮುಖವನ್ನು ತಾನೇ ಬರೆಯುತ್ತಾನೆ. ಬಿಳಿ, ಹಳದಿ, ಕೆಂಪುಗಳನ್ನು ತೆಂಗಿನೆಣ್ಣೆಯಲ್ಲಿ ಕಲಸಿ ಮುಖಕ್ಕೆ ಹಚ್ಚಿ, ಮೇಲೆ ಪೌಡರನ್ನು ಒತ್ತಿ ಎಣ್ಣೆಯ ಮಿರುಗನ್ನು ಅಡಗಿಸಿ, ಅನಂತರವೇ ನಾಮ, ಹುಬ್ಬು, ಮೀಸೆಗಳಿಗೆ ಕೈಹಾಕುತ್ತಾನೆ. ಹಿಂದಿನವರು ಹಳದಿಗೆ ಅರದಾಳವನ್ನೂ ಕೆಂಪಿಗೆ ಇಂಗಳೀಕವನ್ನೂ ಬಳಸುತ್ತಿದ್ದರು; ಒಂದು ಪಾಷಾಣದ ಗಂಧಕ, ಇನ್ನೊಂದು ಪಾದರಸದ ಗಂಧಕ. ರಾಕ್ಷಸ ವೇಷಕ್ಕೆ ಅಕ್ಕಿಹಿಟ್ಟು ಸುಣ್ಣಗಳ ಚುಟ್ಟಿಯನ್ನು ಒಂದೊಂದೇ ಚುಕ್ಕೆಯಾಗಿ ಇಡುವುದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ 1971ರಲ್ಲಿ ಉಡುಪಿಯಲ್ಲಿ ಆರಂಭವಾದ ಯಕ್ಷಗಾನ ಕೇಂದ್ರದಲ್ಲಿ ಕುಣಿತ ಮಾತುಗಾರಿಕೆಗಳ ಜೊತೆಗೆ ಮುಖವರ್ಣಿಕೆಯೂ ಒಂದು ಪಾಠ. ಇಷ್ಟೆಲ್ಲ ಬಣ್ಣವಿದ್ದರೂ ಅಲ್ಲಿ ಮೋಸಹೋದ ಪ್ರೇಕ್ಷಕನೊಬ್ಬನೂ ಇಲ್ಲ. ಇದು ವೇಷ ಎಂದು ಬಣ್ಣವೇ ಕೂಗಿ ಹೇಳುತ್ತದೆ. ಬೆಳಗಾದ ಮೇಲೆ ಎಣ್ಣೆ ಹಚ್ಚಿ ಒರಸಿಕೊಂಡರೆ ವೇಷಧಾರಿಗೆ ತನ್ನ ಮುಖ ಮರಳಿ ಸಿಗುತ್ತದೆ.

ಕಾರ್ಕಳದ ಬೆಟ್ಟದ ಮೇಲಿನ ಗೊಮ್ಮಟನಿಗೂ ಇಂಥದೊಂದು ವರ್ಣೋತ್ಸವವುಂಟು. ವೀರಪಾಂಡ್ಯನು 1432ರಲ್ಲಿ ನಿಲ್ಲಿಸಿದ ಆ 42 ಅಡಿಯ ಶಿಲಾಮೂರ್ತಿಗೆ ಹನ್ನೆರಡು ವರ್ಷಗಳಿಗೊಮ್ಮೆ ಎಂಬ ಲೆಕ್ಕದಲ್ಲಿ ಮಹಾಮಸ್ತಕಾಭಿಷೇಕ ನಡೆಯುತ್ತದೆ. 2015ರಲ್ಲಿ ನಡೆದದ್ದು ಅನೇಕರ ನೆನಪಿನಲ್ಲಿದೆ. ಹಾಲಿಗೆ ಅಕ್ಕಿಹಿಟ್ಟಿಗೆ ಕಲ್ಲು ಬೆಳ್ಳಗಾಗುತ್ತದೆ, ಅರಿಶಿನಕ್ಕೆ ಹಳದಿಯಾಗುತ್ತದೆ, ಚಂದನಕ್ಕೆ ಕೆಂಪೇರುತ್ತದೆ. ಕೊನೆಗೆ ನೀರು ಇಳಿದಾಗ ಕಲ್ಲು ಕಲ್ಲಿನ ಬಣ್ಣಕ್ಕೆ ಬರುತ್ತದೆ. ಆ ಹಿಟ್ಟು ಕಲ್ಲಿನ ಬಣ್ಣದಲ್ಲಿ ಕೊರತೆಯಿದೆಯೆಂದು ಹೇಳುವುದಕ್ಕಾಗಿ ಸುರಿದದ್ದಲ್ಲ. ಬಣ್ಣದಿಂದ ಸುಳ್ಳು ಹುಟ್ಟುವುದಿಲ್ಲವೆಂಬುದಕ್ಕೆ ಈ ಎರಡು ಸಾಕ್ಷಿ ಸಾಕು. ತಾನು ಬಣ್ಣವೇ ಅಲ್ಲ, ಚರ್ಮ ಎಂದು ಬಣ್ಣ ನಟಿಸತೊಡಗಿದಾಗ ಸುಳ್ಳು ಹುಟ್ಟುತ್ತದೆ.

ಅದೇ ಕಾರ್ಕಳದಲ್ಲಿ ಕೆಲವು ವರ್ಷಗಳ ಹಿಂದೆ ನನ್ನ ಅಕ್ಕನ ಮಗಳ ಮದುವೆ ನಡೆಯಿತು. ಹುಡುಗಿಯನ್ನು ಮಂಟಪಕ್ಕೆ ಕರೆತರುವುದು ಸೋದರಮಾವನ ಹೊಣೆಯಾದ್ದರಿಂದ ನಾನು ಒಳಕೋಣೆಯ ಬಾಗಿಲ ಹೊರಗೆ ಕಾಯುತ್ತ ಕುಳಿತಿದ್ದೆ. ಹುಡುಗಿ ಎಣ್ಣೆಗಪ್ಪು, ಲಕ್ಷಣವಂತೆ. ಅಲಂಕಾರಕ್ಕೆ ಬಂದಿದ್ದ ಹೆಂಗಸು ಎರಡು ಡಬ್ಬಿಗಳನ್ನು ತೆರೆದಿಟ್ಟು, "ಇವರಿಗೆ ಇದು ಸರಿ ಹೋಗ್ತದೆ ಅಕ್ಕ, ಕುತ್ತಿಗೆಗೆ ಕೂಡ್ತದೆ" ಎಂದು ಒಂದನ್ನು ತೋರಿಸಿದಳು. ನನ್ನ ಅಕ್ಕ ಇನ್ನೊಂದನ್ನು ತೋರಿಸಿ, "ಅದು ಬೇಡ, ಸ್ವಲ್ಪ ಬೆಳ್ಳಗೆ ಕಾಣ್ಲಿ" ಎಂದಳು. ಆಗ ಹುಡುಗಿ ಮೆಲ್ಲಗೆ ಕೇಳಿದಳು: "ಅಮ್ಮ, ಅವರು ನನ್ನನ್ನು ನೋಡಿಯೇ ಒಪ್ಪಿದ್ದಲ್ವಾ?"

"ಅವರು ಒಪ್ಪಿದ್ದಾರೆ ಮಗಾ. ಈಗ ಬರುವ ನಾನೂರು ಜನ ಒಪ್ಪಬೇಡ್ವಾ?"

ಒಳಗೆ ಮಾತು ನಿಂತಿತು. ಬೆಳ್ಳಗಿನ ಡಬ್ಬಿಯೇ ಗೆದ್ದಿತು. ಮಂಟಪದಲ್ಲಿ ಯಾರೂ ಏನೂ ಅನ್ನಲಿಲ್ಲ. ಆಲ್ಬಮ್ ಬಂದ ಮೇಲೆ ನೋಡಿದರೆ, ಫ್ಲ್ಯಾಶಿನ ಬೆಳಕಿನಲ್ಲಿ ಮುಖ ಬೂದಿ ಬಣ್ಣ, ಕೊರಳು ಬೇರೆ ಬಣ್ಣ, ಧಾರೆಗೆ ಒಡ್ಡಿದ ಕೈ ಮತ್ತೊಂದು ಬಣ್ಣ. ಹುಡುಗಿ ಹಾಳೆ ತಿರುವುತ್ತ, "ಇದು ಯಾರು ಮಾವ?" ಎಂದು ನಕ್ಕಳು. ಅವಳ ಮನೆಯ ಗೋಡೆಯಲ್ಲಿ ಈಗ ತೂಗುತ್ತಿರುವುದು ಬೇರೊಂದು ಚಿತ್ರ. ಮದುವೆಗೆ ವಾರ ಮೊದಲು ಕಾಪುವಿನಲ್ಲಿ, 1901ರಿಂದ ಬಂಡೆಯ ಮೇಲೆ ನಿಂತಿರುವ ಆ ದೀಪಸ್ತಂಭದ ಕೆಳಗೆ, ಸಂಜೆಯ ಬಿಸಿಲಿನಲ್ಲಿ ಗೆಳತಿಯರು ತೆಗೆದದ್ದು. ಅದರಲ್ಲಿಯೂ ಪೌಡರುಂಟು. ಆದರೆ ಮುಖ ಅವಳದು.

ನನ್ನ ಅಕ್ಕನನ್ನು ಆಡಿಕೊಳ್ಳುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಆಕೆಯ ಕಡೆಗೂ ನ್ಯಾಯವುಂಟು. "ಹುಡುಗಿ ಒಳ್ಳೆಯವಳೇ, ಬಣ್ಣ ಸ್ವಲ್ಪ ಕಡಿಮೆ" ಎಂಬ ಮಾತನ್ನು ಎಷ್ಟು ಮನೆಗಳ ಚಾವಡಿಯಲ್ಲಿ ಕೇಳಿ ಹಿಂದಿರುಗಿದ ತಾಯಿ ಆಕೆ! ಬಣ್ಣ ಕಡಿಮೆ ಎನ್ನುತ್ತೇವೆ. ಕಪ್ಪು ಹೆಚ್ಚು ಎಂದು ಯಾರೂ ಅನ್ನುವುದಿಲ್ಲ, ನೋಡಿ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕಪ್ಪಗಿನವರಲ್ಲಿ ಹೆಚ್ಚು. ಅದನ್ನು ತಯಾರಿಸುವ ಕಣಗಳ ಸಂಖ್ಯೆ ಎಲ್ಲರಲ್ಲಿಯೂ ಹೆಚ್ಚುಕಡಿಮೆ ಒಂದೇ. ಅವು ಮಾಡುವ ವರ್ಣದ್ರವ್ಯದ ಪ್ರಮಾಣದಲ್ಲಿ, ಬಗೆಯಲ್ಲಿ ಮಾತ್ರ ಭೇದ. ಲೆಕ್ಕ ಹಿಡಿದರೆ ಬಣ್ಣ ಕಡಿಮೆಯಿರುವುದು ಬೆಳ್ಳಗಿನವರಿಗೆ. ಆದರೆ ತಾಯಿ ಬದುಕಬೇಕಾದದ್ದು ವಿಜ್ಞಾನದ ನಡುವೆಯಲ್ಲ, ನೆಂಟರ ನಡುವೆ. ಮಗಳನ್ನು ನಾನೂರು ಜೋಡಿ ಕಣ್ಣುಗಳಿಂದ ಒಂದು ದಿನದ ಮಟ್ಟಿಗಾದರೂ ಕಾಪಾಡುವ ಗುರಾಣಿಯೆಂದು ಆಕೆ ಆ ಡಬ್ಬಿಯನ್ನು ಹಿಡಿದಳು. ಪ್ರೀತಿಯಿಂದಲೇ ಹಿಡಿದಳು. ಇದರಿಂದಲೇ ಪ್ರಶ್ನೆ ಕಠಿನವಾಗುವುದು. ಕೆಟ್ಟ ಮನಸ್ಸಿನಿಂದ ಆಡಿದ ಸುಳ್ಳನ್ನು ಖಂಡಿಸುವುದು ಸುಲಭ. ಪ್ರೀತಿಯಿಂದ ಆಡಿದ ಸುಳ್ಳನ್ನು ಏನು ಮಾಡೋಣ?

ಈ ಸುಳ್ಳನ್ನು ಯಾರಿಗೆ ಹೇಳಿದ್ದು ಎಂದು ವಿಚಾರಿಸಿದರೆ ದಾರಿ ಸ್ವಲ್ಪ ಕಾಣುತ್ತದೆ. ವರನ ಕಡೆಯವರಿಗಲ್ಲ, ಅವರು ಹುಡುಗಿಯನ್ನು ಕಂಡವರು. ನೆಂಟರಿಗೂ ಅಲ್ಲ, ಹುಟ್ಟಿದಂದಿನಿಂದ ನೋಡಿದವರೇ ಅರ್ಧಕ್ಕರ್ಧ, ಉಳಿದವರಿಗೆ ಅವಳ ಕೈಗಳು ಕಾಣುತ್ತಿದ್ದವು. ನಾನೂರು ಜನರಲ್ಲಿ ಒಬ್ಬನೂ ಮೋಸಹೋಗಲಿಲ್ಲ. ಆ ಡಬ್ಬಿ ಆಡಿದ ಮಾತು ತಲುಪಿದ್ದು ಒಬ್ಬಳಿಗೆ ಮಾತ್ರ, ಕನ್ನಡಿಯ ಮುಂದೆ ಕುಳಿತಿದ್ದವಳಿಗೆ. ನೀನು ಇರುವ ಹಾಗೆ ಈ ದಿನಕ್ಕೆ ಸಾಲದು ಎಂಬುದೇ ಆ ಮಾತು. ಹೊರಗಿನವರು ಚುಚ್ಚಿ ಹೇಳುತ್ತಿದ್ದುದನ್ನು ಮನೆಯೇ ಮುದ್ದಿನಿಂದ ಹೇಳಿತು. ಹೊರಗಿನವರು ಹೇಳಿದಾಗ ಸಿಟ್ಟಾಗಬಹುದಿತ್ತು. ತಾಯಿ ಹೇಳಿದಾಗ ಸಿಟ್ಟಿಗೂ ಜಾಗವಿರಲಿಲ್ಲ. ಗುರಾಣಿಯೆಂದು ಹಿಡಿದದ್ದರ ಅಂಚು ಒಳಮುಖವಾಗಿತ್ತು.

ಇಲ್ಲೊಂದು ಆಕ್ಷೇಪಣೆ ಬರುತ್ತದೆ. ಹುಡುಗಿಯೇ ಬೆಳ್ಳಗೆ ಕಾಣಲು ಬಯಸಿದರೆ? ಮುಖ ಅವಳದು, ಇಷ್ಟ ಅವಳದು; ತಡೆಯುವುದಕ್ಕೆ ನೀನಾರು? ಆಕ್ಷೇಪಣೆ ಸರಿಯಾದದ್ದೇ. ತಿಳಿದು ಬಯಸಿದವಳ ಕೈಯಿಂದ ಡಬ್ಬಿಯನ್ನು ಕಸಿಯುವ ಅಧಿಕಾರ ನನಗಿಲ್ಲ, ಯಾರಿಗೂ ಇಲ್ಲ. ಆದರೆ ಆರಿಸಿಕೊಳ್ಳುವುದು ಎನ್ನಬೇಕಾದರೆ ಎದುರಿಗೆ ಒಂದಕ್ಕಿಂತ ಹೆಚ್ಚು ವಸ್ತುಗಳಿರಬೇಕು. ಬಹುಕಾಲ ಹಾಗಿರಲಿಲ್ಲ. 1950ರ ದಶಕದಿಂದ ಕೊಡಕ್ ಕಂಪೆನಿಯವರು ಬಣ್ಣದ ಚಿತ್ರಗಳ ಹದವನ್ನು ನೋಡಿಕೊಳ್ಳಲು ಕಳುಹಿಸುತ್ತಿದ್ದ ಶರ್ಲಿ ಕಾರ್ಡಿನಲ್ಲಿ ಇದ್ದದ್ದು ಬಿಳಿಯ ಹೆಂಗಸಿನ ಮುಖ. ಲೋಕದ ಉಳಿದ ಮುಖಗಳನ್ನೆಲ್ಲ ಅದೇ ಅಳತೆಗೋಲಿನಿಂದ ಅಳೆದದ್ದಾಯಿತು. ಅಮೆರಿಕದ ಚರ್ಮವೈದ್ಯ ಥಾಮಸ್ ಫಿಟ್ಸ್‌ಪ್ಯಾಟ್ರಿಕ್ 1975ರಲ್ಲಿ ಚರ್ಮವನ್ನು ವರ್ಗೀಕರಿಸಿದಾಗ ಇದ್ದದ್ದು ಬಿಳಿಯ ಚರ್ಮದ ವರ್ಗಗಳು. ಕಂದಿಗೂ ಕಪ್ಪಿಗೂ ಜಾಗ ಸಿಕ್ಕಿದ್ದು ಆಮೇಲೆ. ಅದೇ 1975ರಲ್ಲಿ ನಮ್ಮ ದೇಶದ ಪೇಟೆಗೆ ಫೇರ್ ಅಂಡ್ ಲವ್ಲಿ ಬಂದಿತು. ಬಿಳುಪೇ ಚೆಲುವು ಎಂಬ ಆ ಹೆಸರು ಗ್ಲೋ ಅಂಡ್ ಲವ್ಲಿ ಎಂದು ಬದಲಾಗುವುದಕ್ಕೆ 2020 ಬರಬೇಕಾಯಿತು. 2017ರಲ್ಲಿ ಫೆಂಟಿ ಎಂಬ ಕಂಪೆನಿ ಒಮ್ಮೆಗೇ 40 ಛಾಯೆಗಳ ಫೌಂಡೇಶನನ್ನು ಮಾರಾಟಕ್ಕಿಟ್ಟದ್ದು ಲೋಕಕ್ಕೆ ಸುದ್ದಿಯೆನಿಸಿತೆಂದರೆ ಅದರ ಹಿಂದೆ ಎಷ್ಟು ಮುಖಗಳಿಗೆ ಡಬ್ಬಿಯೇ ಇರಲಿಲ್ಲವೆಂದು ಊಹಿಸಬಹುದು. ತನ್ನ ಬಣ್ಣದ ಡಬ್ಬಿಯೇ ಇಲ್ಲದ ಕಪಾಟಿನ ಮುಂದೆ ನಿಂತು ಬೆಳ್ಳಗಿನದನ್ನು ಕೈಗೆತ್ತಿಕೊಂಡವಳ ಬಗ್ಗೆ, ಅವಳಾಗಿ ಬಯಸಿದಳು ಎನ್ನುವುದು ಸರಿಯಾದ ಮಾತಲ್ಲ.

ಈಗ ಕಾಲ ಒಂದಿಷ್ಟು ಬದಲಾಗಿದೆ. ಸಂಜೆ ಮಣಿಪಾಲದ ಬೀದಿಯಲ್ಲಿ ನಿಂತರೆ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗಿನ, ಹೊರದೇಶಗಳ, ವಿದ್ಯಾರ್ಥಿಗಳ ಮುಖಗಳು ಹಾದುಹೋಗುತ್ತವೆ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ವೈದ್ಯಕೀಯ ಕಾಲೇಜನ್ನು ಕಟ್ಟಿದಾಗ ಆ ಬೋಳುಗುಡ್ಡ ಮುಂದೊಂದು ದಿನ ಇಷ್ಟು ಬಣ್ಣದ ಮುಖಗಳನ್ನು ಕಂಡೀತೆಂದು ಯಾರು ತಿಳಿದಿದ್ದರು! ಗಿರಾಕಿಗಳು ಬಂದಂತೆ ಕಪಾಟಿನಲ್ಲಿ ಛಾಯೆಗಳೂ ಬಂದಿವೆ. ಕಪಾಟು ಬದಲಾದರೂ ಕೈ ಇನ್ನೂ ಪೂರ್ತಿ ಬದಲಾಗಿಲ್ಲ. ಮಧ್ಯದ ಬಣ್ಣದ ಹುಡುಗಿ ಬಂದು ಕೇಳಿದರೆ ಮೊದಲು ಮೇಜಿನ ಮೇಲೆ ಬರುವುದು ಅವಳಿಗಿಂತ ಒಂದು ಮೆಟ್ಟಿಲು ಬೆಳ್ಳಗಿನದು.

ಇಂಥ ಹೊತ್ತಿನಲ್ಲಿ ನಮ್ಮೂರಿನವರು ಕೊಡುವ ಸಮಾಧಾನವೊಂದುಂಟು: ನಮ್ಮ ಕೃಷ್ಣನೇ ಕಪ್ಪಲ್ಲವೇ? ನಿಜ, ಕೃಷ್ಣ ಎಂದರೆ ಕಪ್ಪು ಎಂದೇ ಅರ್ಥ. ಉಡುಪಿಯ ಮೂರ್ತಿ ಗೋಪೀಚಂದನದ ಹೆಂಟೆಯೊಳಗೆ ಅಡಗಿ ಹಡಗಿನಲ್ಲಿ ಬಂದು ಮಲ್ಪೆಯ ಕಡಲತೀರದಲ್ಲಿ ಮಧ್ವಾಚಾರ್ಯರಿಗೆ ದೊರೆಯಿತೆಂದೂ, ಅವರು ಮಣ್ಣನ್ನು ತೊಳೆದು ಮೂರ್ತಿಯನ್ನು ಪ್ರತಿಷ್ಠೆ ಮಾಡಿದರೆಂದೂ ಐತಿಹ್ಯ. ಆದರೆ ಈ ಸಮಾಧಾನದಿಂದ ಹುಡುಗಿಯರಿಗೆ ಲಾಭವಾದುದನ್ನು ನಾನು ಕಾಣೆ. ರಥಬೀದಿಯಲ್ಲಿ ಕಪ್ಪು ದೇವರಿಗೆ ಕೈಮುಗಿದು ಮನೆಗೆ ಬಂದು ಬೆಳ್ಳಗಿನ ಸೊಸೆಯನ್ನು ಹುಡುಕುವುದರಲ್ಲಿ ನಮಗೆ ಯಾವ ತೊಡಕೂ ಕಂಡಿಲ್ಲ. ದೇವರ ಕಪ್ಪನ್ನು ಹೊಗಳುವುದಕ್ಕೆ ನಮಗೆ ಖರ್ಚಿಲ್ಲ. ಮಗಳ ಕಪ್ಪನ್ನು ಹಾಗೇ ಇರಗೊಡುವುದಕ್ಕೆ ನೆಂಟರ ಒಂದೆರಡು ಮಾತುಗಳನ್ನು ಸಹಿಸಬೇಕಾಗುತ್ತದೆ; ಖರ್ಚು ಬರುವುದು ಅಲ್ಲಿ.

ಆ ಖರ್ಚನ್ನು ಯಾರು ಹೊರಬೇಕು? ಇಷ್ಟು ಕಾಲ ಹುಡುಗಿಯೊಬ್ಬಳೇ ಹೊರುತ್ತ ಬಂದಿದ್ದಾಳೆ. ಹಿರಿಯರಾದ ನಾವು ನಮ್ಮ ಪಾಲನ್ನು ತೆಗೆದುಕೊಳ್ಳುವುದು ನ್ಯಾಯ. ಅದೇನೂ ದೊಡ್ಡ ತ್ಯಾಗವಲ್ಲ. ಮದುವೆಗೆ ಹೋದ ನಾನೂರು ಜನರಲ್ಲಿ ನಾವೂ ಒಬ್ಬರು. ಹುಡುಗಿಯ ಬಣ್ಣದ ಮಾತು ಬಂದಾಗ ಅದನ್ನು ಬೆಳೆಸದೆ ಬಿಡಬಹುದು. ಅಲಂಕಾರದವಳು ಕುತ್ತಿಗೆಗೆ ಹೊಂದುವ ಡಬ್ಬಿಯನ್ನು ತೆರೆದಾಗ ಆಕೆಯ ಕಸುಬಿನ ತಿಳಿವಳಿಕೆಗೆ ಬೆಲೆ ಕೊಡಬಹುದು. ಮತ್ತೆ, ಮುಖ ಯಾರದೋ ಅವರನ್ನು ಒಂದು ಮಾತು ಕೇಳಬಹುದು. ಅವಳು ಯಾವ ಡಬ್ಬಿಯನ್ನು ಹೇಳುತ್ತಾಳೋ ಹೇಳಲಿ. ಕೇಳಿದ ಮೇಲೆ ಉತ್ತರಕ್ಕಾಗಿ ಸ್ವಲ್ಪ ಕಾಯುವ ತಾಳ್ಮೆ ನಮಗಿರಬೇಕು, ಮುಹೂರ್ತಕ್ಕೆ ಹೊತ್ತಾಗುತ್ತಿದ್ದರೂ.